ನೀಲಿ ಬಟ್ಟೆಯ ವೆಬ್‌ಸೈಟ್ ಕೈತಪ್ಪಿದ್ದು

ರಕಿಯಾ, ಮುದ್ದೆ, ಕೂಕಾ ಸೊಪ್ಪಿನ ಸಾರು ಒಲೆ ಮೇಲಿದೆ. ನಿಮ್ಮಣ್ಣ ಮೊದಲು ಉಣ್ಣಲಿ, ಆಮೇಲೆ ಇದನ್ನು ಓದಿ ಹೇಳು.

ನಮ್ಮ ಕಾನೋ ಊರಿನ ನೀಲಿ ಬಟ್ಟೆ ಮಾರುವ ವೆಬ್‌ಸೈಟ್ ಕೈಗೆ ಬರಲಿಲ್ಲ. ಅದರ ಕಾಗದಪತ್ರ ಪರೀಕ್ಷೆ ಮಾಡಿದ ಹೆಂಗಸು, "ಬಾಬಾ, ಫೋಟೋ ಮಾತ್ರ ನಿಮ್ಮದು. ಯಜಮಾನಿಕೆ ಸೈಟ್ ಕಟ್ಟಿಕೊಟ್ಟವರದು" ಅಂದಳು. ನಿಮ್ಮಣ್ಣ ಕೂಡಿಸಿದ ಗಿರಾಕಿಗಳೆಲ್ಲ ಇನ್ನು ಅವರಿಗೇ.

ತಪ್ಪು ನನ್ನದು. ಯಜಮಾನ ಅಂತ ಯಾರ ಹೆಸರು ಬರೆಯೋಣ ಅಂತ ಸೈಟ್ ಕಟ್ಟುವಾಗ ಅವರು ಕೇಳಿದ್ದರು. ನಮ್ಮಲ್ಲಿ ಚೊಚ್ಚಲ ಮಗನ ಹೆಸರನ್ನು ಹೆತ್ತವರು ಆಡಬಾರದಲ್ಲ, ತಲೆ ತಗ್ಗಿಸಿ ಕೂತೆ. ತಮ್ಮದೇ ಹಾಕಿಕೊಂಡರು.

ಇವತ್ತು ಹೋಗಿ ಬೇಡಿದರೆ, "ಹೆಸರೇ ಹೇಳದ ಮಗನಿಗೆ ಆಸ್ತಿ ಯಾಕೆ ಮುದುಕಪ್ಪಾ?" ಅಂತ ನಕ್ಕರು. ಆಗಲೂ ಅವನ ಹೆಸರು ಬಾಯಿಗೆ ಬರಲಿಲ್ಲ.

ನಾನು ಬಟ್ಟೆ ಅದ್ದುವ ಬಣ್ಣದ ಗುಂಡಿಯ ಹತ್ತಿರ ಇರ್ತೀನಿ. ಅವನು ಬೈದರೆ ತಡೀಬೇಡ. ನನ್ನನ್ನು ಕರೆಯೋಕೆ ಮಾತ್ರ ಅವನನ್ನು ಕಳಿಸಬೇಡ. ಎದುರಿಗೆ ಬಂದರೆ ಇವತ್ತೂ "ಏ ಇವನೇ" ಅಂತಲೇ ಕರೀತೀನಿ.