ಒತ್ತಿ ಹಿಡಿದ ಗುಂಡಿ

ಹಂಗಾರಕಟ್ಟೆ
೧೪-೯-೨೦೧೪

ಪ್ರೀತಿಯ ಬಾಗಿ ಅಕ್ಕನಿಗೆ ಕುಸುಮಾವತಿಯ ನಮಸ್ಕಾರಗಳು.

ನೀನು ಮುಂಬೈ ಮುಟ್ಟಿದ ಸುದ್ದಿ ತಿಳಿದೂ ಬರೆಯದೆ ಕೂತೆ, ಬೈಯಬೇಡ. ಇವರ ಉತ್ತರಕ್ರಿಯೆಗೆ ಬಂದಾಗ, ಬೊಜ್ಜದ ದಿನ, ನೀನು "ಎಂತ ಆಯ್ತ್ ಕುಸುಮಾ?" ಅಂತ ಕೇಳಿದೆ. ಅಷ್ಟು ಜನರ ಎದುರು ಬಾಯಿ ಬರಲಿಲ್ಲ. ಫೋನಿನಲ್ಲಂತೂ ಅಳುವುದೇ ಆಗುತ್ತದೆ.

ಇವರ ಮಂಚದ ಪಕ್ಕ ಆಸ್ಪತ್ರೆಯವರು ಇಟ್ಟಿದ್ದ ಮಾತಿನ ಪೆಟ್ಟಿಗೆ ನೆನಪಿದೆಯಲ್ಲ? ಉಸಿರು ಕಟ್ಟಿದರೆ ಗುಂಡಿ ಒತ್ತಿ, ಎಷ್ಟು ಮದ್ದು ಕೊಡಬೇಕೆಂದು ಹೇಳುತ್ತೇವೆ ಅಂದಿದ್ದರು. ನರ್ಸ್ ಸ್ವಾತಿ ಅದನ್ನು ಮಗಳು ಸೌಮ್ಯಶ್ರೀಗೆ ತೋರಿಸುವಾಗ ನಾನು ಒಳಗೆ ಚಾ ಮಾಡುತ್ತಿದ್ದೆ. ನನಗೆ ಕಲಿಸಿದ್ದು ಇವರೇ. ಬೋಟು ನಡೆಸಿದ ತಾಂಡೇಲರಲ್ಲವೇ, ಬಿಡುತ್ತಾರೆಯೇ!

"ಒತ್ತಿ ಹಿಡ್ಕಂಡ್ ಮಾತಾಡ್. ಕೈ ಬಿಟ್ರೆ ಆಚಿಯವ್ರ್ ಮಾತಾಡದ್ ಕೇಂತ್. ಬೋಟಿನ್ ವೈರ್‌ಲೆಸ್ ಹಂಗೇ."

"ಸೌಮ್ಯನತ್ರ ಒಂದ್ ಮಾತ್ ಕೇಂಬನಾ?" ಅಂದೆ.

"ಕಡಲಿಗ್ ಹೋದ್ದ್ ನಾನಾ, ಅವ್ಳಾ?" ಅಂತ ನಕ್ಕರು. ಹಾಸಿಗೆ ಹಿಡಿದ ಮೇಲೆ ಅವರು ನಕ್ಕದ್ದೇ ಅಪರೂಪ. ಸೌಮ್ಯನ ಹತ್ತಿರ ಕೇಳುವುದನ್ನು ಬಿಟ್ಟೆ.

ಆ ಬೆಳಿಗ್ಗೆ ಸೌಮ್ಯ ಮೊಬೈಲು ಹಿಡಿದು ಕೆಲಸಕ್ಕೆ ಹೋಗಿದ್ದಳು, ಆಚೆಮನೆ ಸೀತು ಮೀನು ಮಾರಲು. ಇವರಿಗೆ ಉಸಿರು ಎಳೆಯತೊಡಗಿತು. ಗುಂಡಿ ಒತ್ತಿ ಹಿಡಿದು ಎಲ್ಲ ಹೇಳಿದೆ, ಕೈಬಿಟ್ಟೆ. "ಹಲೋ" ಅಂತ ಸ್ವಾತಿಯ ದನಿ ಬಂತು. ಉತ್ತರ ಕೊಡಲು ಮತ್ತೆ ಒತ್ತಿದೆ. ದನಿ ಹೋಯಿತು. ಅವಳೇ ತಿರುಗಿ ಕರೆದಾಗಲೂ ಹಾಗೆಯೇ ಮಾಡಿದೆ. ಮದ್ದಿನ ಬಾಟಲಿ ಕೈಯಲ್ಲೇ ಇತ್ತು, ಎಷ್ಟು ಕೊಡಬೇಕೆಂದು ತಿಳಿಯಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಕ್ಕ.

ಸ್ವಾತಿ ರಿಕ್ಷಾ ಹಿಡಿದು ಓಡಿ ಬರುವಾಗ ಎಲ್ಲ ಮುಗಿದಿತ್ತು. ಒಮ್ಮೆ ಒತ್ತಿದರೆ ಕರೆ ಹೋಗುವುದು, ಮತ್ತೊಮ್ಮೆ ಒತ್ತಿದರೆ ಕಟ್ಟಾಗುವುದು ಅಂತ ಆಗ ತಿಳಿಯಿತು. "ಒಂದ್ ಸಲ ಒತ್ತಿ ಬಿಡುಕಿತ್ತಲೆ ಅಮ್ಮಾ!" ಅಂತ ಸೌಮ್ಯ ತಲೆ ಚಚ್ಚಿಕೊಂಡು ಅತ್ತಳು. ಅಪ್ಪನೇ ಹಾಗೆ ಕಲಿಸಿದ್ದು ಅಂತ ಅವಳಿಗೆ ಹೇಳಿಲ್ಲ. ಸತ್ತವರ ಮೇಲೆ ತಪ್ಪು ಹೇಗೆ ಹಾಕಲಿ? ನನಗೇ ಗೊತ್ತಾಗಲಿಲ್ಲ ಅಂತಲೇ ಊರೆಲ್ಲ ತಿಳಿಯಲಿ.

ಪೆಟ್ಟಿಗೆಯನ್ನು ಹಿಂದೆ ಕೊಂಡುಹೋದರು. ಭಾವನ ಕಾಲುನೋವು ಹೇಗಿದೆ? ಅವರಿಗೆ ನಮಸ್ಕಾರ, ಮಕ್ಕಳಿಗೆ ದೇವರು ಆಯುಷ್ಯ ಕೊಡಲಿ.

ನಿನ್ನ ತಂಗಿ
ಕುಸುಮ

ತಾ.ಕ.: ಒಂದು ಬರೆಯದೆ ಬಿಟ್ಟಿದ್ದೆ. ಕೊನೆಗೆ ನಾನು ಅಳುತ್ತ ಇವರಿಗೆ ಏನೋ ಹೇಳಲು ಹೋದೆ. "ಸುಮ್ನಿರ್ ಹೆಣ್ಣೇ, ಆಚಿಯವ್ರ್ ಮಾತಾಡ್ಲಿ" ಅಂದರು. ಬಾಯಿ ಮುಚ್ಚಿ ಪೆಟ್ಟಿಗೆಯ ಕಡೆ ಕಿವಿಗೊಟ್ಟು ಕೂತೆ. ತಿರುಗಿ ನೋಡುವಾಗ ಹೋಗಿದ್ದರು. ನಾನಿಲ್ಲೇ ಇದ್ದೇನೆ ಅಂತ ಅವರಿಗೆ ಒಂದು ಮಾತೂ ನಾನು ಹೇಳಲಿಲ್ಲ ಅಕ್ಕ.