ಫ್ರೀಜರಿನ ಅವರೆ, ಬಾಟಲಿಯ ಗೊಜ್ಜು

ಹದಿನಾರು ಗ್ರಾಮ
5-1-2003, ಭಾನುವಾರ

ಪ್ರೀತಿಯ ಸುನೀತಾ,

ನಿನ್ನ ಅತ್ತೆಯ ಆಶೀರ್ವಾದ. ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೆ? ಬೀಗರ ಕೆಮ್ಮು ನಿಂತಿತೆ? ನಿನ್ನ ಗಂಡನನ್ನು ಕೇಳಿದರೆ ‘ಚೆನ್ನಾಗವ್ಳೆ’ ಅನ್ನುತ್ತಾನೆ, ಮುಗಿಯಿತು. ಪ್ರತಿ ಭಾನುವಾರ ತಿ. ನರಸೀಪುರಕ್ಕೆ, ನಿನ್ನ ತವರಿಗೆ ಬಂದು ಹೋಗುವವನಿಗೆ ಅಷ್ಟೇನಾ ಸುದ್ದಿ ಸಿಗುವುದು? ಮೂಗ ಮುಂಡೇದು.

ಹಿತ್ತಲಿನ ಅವರೆ ಈ ಸಲ ಒಳ್ಳೇ ಸೊಗಡಿನ ಕಾಯಿ ಬಿಟ್ಟಿದೆ. ಬಿಡಿಸಲು ನಾನೊಬ್ಬಳೇ. ಅವನು ನಂಜನಗೂಡಿನ ಫ್ಯಾಕ್ಟರಿಗೆ ಹೋದರೆ ಮನೆಯಲ್ಲಿ ಮಾತಿಗೆ ನರಪಿಳ್ಳೆ ಇಲ್ಲ. ಒಬ್ಬಳಿಗೆಂದು ಒಲೆ ಹಚ್ಚಲು ಬೇಜಾರು, ನಿನ್ನೆ ಮಧ್ಯಾಹ್ನ ಮಜ್ಜಿಗೆ ಕುಡಿದು ಮಲಗಿದೆ. ಜಗಳ ಆಡುವುದಕ್ಕಾದರೂ ನೀನಿರಬೇಕಿತ್ತು ಕಣೆ.

ಹೋದ ವರ್ಷ ಇದೇ ಜಗಲಿಯ ಮೇಲೆ ಇಬ್ಬರೂ ಕೂತು ಅವರೆ ಹಿದುಕಿದೆವು. ನೀನು ಬೇಳೆಯನ್ನು ಬಿಸಿನೀರಿಗೆ ಹಾಕಿ ತೆಗೆದು ಕವರಿಗೆ ಕಟ್ಟುತ್ತ, ‘ಫ್ರೀಜರಲ್ಲಿಟ್ರೆ ವರ್ಷವಾದ್ರೂ ಕೆಡಲ್ಲ ಅತ್ತೆ, ದೀಪಾವಳಿಗೆ ಅಪ್ಪ ಬಂದಾಗ ಸಾರು ಮಾಡ್ತೀನಿ’ ಅಂದೆ. ನಾನೋ, ಬೇಯಿಸಿದ ಟೊಮೇಟೊ ಗೊಜ್ಜನ್ನು ಬಾಟಲಿಗೆ ತುಂಬಿ ಮುಚ್ಚಳಕ್ಕೆ ಮೇಣ ಬಳಿಯುತ್ತ, ‘ಕರೆಂಟ್ ನಂಬ್ಕಂಡು ಕಾಳು ಮಡಗ್ತಾರಾ? ಬಾಟ್ಲಿಗೆ ಯಾವ ಕರೆಂಟೂ ಬ್ಯಾಡ ಕಣವ್ವ’ ಎಂದು ನಕ್ಕೆ.

ದೀಪಾವಳಿಯ ದಿನ ನೀನು ಕವರು ಬಿಚ್ಚಿ ನೀರಿಗೆ ಹಾಕಿದೆ, ಮನೆಯೆಲ್ಲ ಹುಳಿ ನಾತ. ‘ಫ್ರಿಜ್ ಬಾಗ್ಲು ಸರ್ಯಾಗಿ ಆಕಕ್ಕೂ ಬರಲ್ಲ ನಿಮ್ಮ ಮಗ್ಳಿಗೆ’ ಅಂದುಬಿಟ್ಟೆ, ಬೀಗರ ಎದುರಿಗೇ. ಪಾಪ, ಅವರು ತಲೆ ತಗ್ಗಿಸಿಕೊಂಡು ನನ್ನ ಗೊಜ್ಜಿನಲ್ಲೇ ಉಂಡು, ಸಂಜೆ ಬಸ್ಸಿಗೆ ನಿನ್ನನ್ನೂ ಕರೆದುಕೊಂಡು ಹೋದರು. ಗೆದ್ದೆ ಅಂದುಕೊಂಡಿದ್ದೆ. ಇನ್ನೂ ನಾಲ್ಕು ಬಾಟಲಿ ಕೆಡದೆ ಇವೆ, ಒಂದು ತುತ್ತೂ ಗಂಟಲಲ್ಲಿ ಇಳಿಯುವುದಿಲ್ಲ.

ಬಂದುಬಿಡು ತಾಯಿ. ಬೀಗರಿಗೆ ಶರಣು ಹೇಳು. ನಂಜುಂಡಪ್ಪ ನಿನ್ನನ್ನು ಕಾಯಲಿ.

ನಿನ್ನ ಅತ್ತೆ,
ಶಿವನಂಜಮ್ಮ

ಮರೆತಿದ್ದೆ ಎಂದು ಬರೆದರೆ ಸುಳ್ಳಾಗುತ್ತದೆ. ಕಾಗದ ತರಬೇಕಾದ ನಿನ್ನ ಗಂಡ ಆಗಲೇ ಗಾಡಿ ಸ್ಟಾರ್ಟ್ ಮಾಡುತ್ತಿದ್ದಾನೆ. ನೀನು ಬಾಗಿಲು ಸರಿಯಾಗಿಯೇ ಹಾಕಿದ್ದೆ ಸುನೀತಾ. ಶ್ರಾವಣದಲ್ಲಿ ನನ್ನ ತಂಗಿ ರುದ್ರಮ್ಮನ ಮಗಳ ಮದುವೆಗೆ ಮೂರು ದಿನ ಎಲ್ಲರೂ ಹೋದೆವಲ್ಲ, ಯಾರೂ ಇಲ್ಲದ ಮನೆಯಲ್ಲಿ ಇದೊಂದು ಯಾಕೆ ಓಡಬೇಕೆಂದು ಫ್ರಿಜ್ಜಿನ ಪ್ಲಗ್ ಕಿತ್ತವಳು ನಾನು. ಬಂದವಳೇ ಮತ್ತೆ ಸಿಕ್ಕಿಸಿ, ಮಂಜು ಕರಗಿ ಸುರಿದಿದ್ದ ನೀರು ಒರೆಸಿ, ಬಾಯಿ ಮುಚ್ಚಿಕೊಂಡೆ. ಇದಿಷ್ಟನ್ನು ಬೀಗರ ಮುಂದೆ ಗಟ್ಟಿಯಾಗಿ ಓದು. ನಿನ್ನನ್ನು ಅಂದದ್ದೂ ಅವರ ಮುಂದೆಯೇ ಅಲ್ಲವೆ.