ಎಳೆಗೆರೆ ದಾಟಿದ ಮಕ್ಕಳು

ತದಡಿ, ಹೊಸ ದಡ
ಕ್ರಿ.ಶ. ೨೨೩೧, ಮಳೆ ಬಿಟ್ಟ ತಿಂಗಳು

ಇನ್ನೂರು ವರ್ಷ ಹಿಂದಿರುವ ನನ್ನ ಕನ್ನಡದವರಿಗೆ ಭಾಗೀರಥಿ ಹರಿಕಂತ್ರಳ ನಮಸ್ಕಾರ.

ಮೇಲಿನ ತಾರೀಖು ನೋಡಿ ಯಾರೋ ತಮಾಷೆ ಮಾಡುತ್ತಿದ್ದಾರೆ ಅಂದುಕೊಳ್ಳಬೇಡಿ. ನಿಮಗೆ ಪರಿಚಯವಿಲ್ಲದ ಪದಗಳು ನಡುವೆ ಬಂದರೆ ಮನ್ನಿಸಿ. ನಿಮ್ಮ ಕಾಲದಲ್ಲಿ ಇಲ್ಲದ ವಸ್ತುಗಳಿಗೆ ನಾವು ಹೆಸರಿಡಲೇಬೇಕಾಯಿತು. ಅರ್ಥ ಹೇಳುತ್ತಲೇ ಹೋಗುತ್ತೇನೆ. ನಿಮ್ಮಲ್ಲೂ ಕೆಲವರು ಪರದೇಶಕ್ಕೆ ಹೋಗಿ, ಸಂಬಳ ಮುಟ್ಟದೆ, ಕೆಲವು ವಾರ ಮಕ್ಕಳಿಗೆ ಪಾಠ ಹೇಳಿ ಬರುತ್ತಾರೆಂದು ಓದಿದ್ದೇನೆ. ಅಂಥವರಿಗೆಂದೇ ಈ ಮಾತು.

ನಮ್ಮಲ್ಲಿ ಅವರಿಗೆ ಋತುಗುರು ಎನ್ನುತ್ತೇವೆ. ಓದು ಮುಗಿಸಿದವರೆಲ್ಲ ಒಂದು ಋತುವಿನ ಮಟ್ಟಿಗೆ ಬೇರೆ ದೇಶಕ್ಕೆ ಹೋಗಿ ತಮಗೆ ಬರುವ ಒಂದು ವಿದ್ಯೆ ಕಲಿಸಬೇಕು. ನನಗೆ ಬರುತ್ತಿದ್ದದ್ದು ಈಜು. ಮೀನುಗಾರರ ಮನೆಯವಳು ನಾನು; ನಡೆಯುವುದಕ್ಕಿಂತ ಮೊದಲೇ ತೇಲಿದ್ದೆ ಎಂದು ಆಯಿ ಈಗಲೂ ಹೇಳುತ್ತಾಳೆ. ನನ್ನನ್ನು ಕಳಿಸಿದ್ದು ಮಂಗೋಲಿಯಾದ ಪಶ್ಚಿಮದ ಬೆಟ್ಟಗಳಿಗೆ. ಅಲ್ಲಿ ಹಿಮ ಕರಗಿ ಕಣಿವೆಗಳಲ್ಲಿ ಹೊಸ ಸರೋವರಗಳು ತುಂಬಿಕೊಂಡಿವೆ. ಅವನ್ನು ಎಳೆಗೆರೆ ಎನ್ನುತ್ತೇವೆ. ಹಿಂದೆ ಕುದುರೆ ಮೇಯುತ್ತಿದ್ದ ಹುಲ್ಲುಗಾವಲಿನ ಮೇಲೆ ಈಗ ಆಳ ನೀರು. ಜನರ ಡೇರೆಗಳು ಈ ದಡದಲ್ಲಾದರೆ ಆಸ್ಪತ್ರೆ, ಅಂಗಡಿ, ಆಕಾಶದಲ್ಲಿ ಹಾರುವ ಗಾಳಿನೌಕೆಯ ನಿಲ್ದಾಣ ಎಲ್ಲ ಆ ದಡದಲ್ಲಿ. ದಿನಬೆಳಗಾದರೆ ದೋಣಿ ಹತ್ತುವ ಊರಿನಲ್ಲಿ ಒಬ್ಬರಿಗೂ ಈಜು ಬರುತ್ತಿರಲಿಲ್ಲ. ನಾನು ಹೋಗುವ ಹಿಂದಿನ ವರ್ಷ ದೋಣಿಯೊಂದು ಮಗುಚಿತ್ತು. ದಡದ ಹತ್ತಿರವೇ ಮಗುಚಿತ್ತು. ಆದರೂ ಅದರಲ್ಲಿದ್ದ ಒಬ್ಬರೂ ಉಳಿಯಲಿಲ್ಲ.

ಊರಿನ ಹಿರಿಯರಾದ ದುಲ್ಮಾ ಅಜ್ಜಿಯ ಮಗಳು ಆ ದೋಣಿಯಲ್ಲಿದ್ದಳು. ಅವಳ ಮಗಳು ಸರ್ನಾಯ್ ಈಗ ಅಜ್ಜಿಯ ಜೊತೆಗಿದ್ದಳು. ನಾನು ಮೊದಲ ದಿನ ಡೇರೆಗೆ ಹೋದಾಗ ಅಜ್ಜಿ ಉಪ್ಪು ಹಾಕಿದ ಹಾಲಿನ ಚಹಾ ಕೊಟ್ಟು, ನಾನು ಕುಡಿದು ಮುಗಿಸಿದ ಮೇಲೆ ಮಾತೆತ್ತಿದರು. ಕಿವಿಯಲ್ಲಿಟ್ಟುಕೊಂಡರೆ ಎದುರಿನವರ ಮಾತನ್ನು ನಮ್ಮ ಭಾಷೆಯಲ್ಲಿ ಹೇಳುವ ಕಿವಿಮಣಿ ನಮ್ಮಿಬ್ಬರಲ್ಲೂ ಇತ್ತು.

"ಒಂದು ಋತು ಇದ್ದು ಹೋಗುವವಳು ನೀನು. ಮಕ್ಕಳಿಗೆ ನೀರಿನ ರುಚಿ ಹತ್ತಿಸಿ ಹೊರಟುಬಿಡುತ್ತೀಯ. ಆಮೇಲೆ ಅವರು ಮುಳುಗಿದರೆ ಎತ್ತುವವರು ಯಾರು?"

ಅಜ್ಜಿ ನನ್ನ ಖಾಲಿ ಬಟ್ಟಲನ್ನು ಎತ್ತಿಕೊಂಡರು.

"ಬೇರೆಯವರ ಮಕ್ಕಳು ಅವರವರ ಇಷ್ಟ. ಸರ್ನಾಯ್ ಬರುವುದಿಲ್ಲ," ಎಂದರು.

ಉಳಿದ ಮಕ್ಕಳು ಬಂದರು. ಮೈಯ ಕಾವು ಹೊರಹೋಗದಂತೆ ತಡೆಯುವ ಬಿಸಿಯಂಗಿ ತೊಟ್ಟು, ಬಿಸಿಲು ತಾಗುವ, ಆಳವಿಲ್ಲದ ನೀರಿನಲ್ಲಿ ನಿಂತು ನಡುಗಿದರು. ಕಿವಿಮಣಿ ನೀರಿನಲ್ಲಿ ಕೆಲಸ ಮಾಡುವುದಿಲ್ಲ. ಹಾಗಾಗಿ ನಮ್ಮ ಪಾಠವೆಲ್ಲ ಕೈಸನ್ನೆಯಲ್ಲೇ ನಡೆಯಿತು. ಜೊತೆಗೆ ಅವರು ನನ್ನಿಂದ ಕಲಿತ "ಕಾಲು ಹೊಡಿ", "ಉಸಿರು ಬಿಡು", ನಾನು ಅವರಿಂದ ಕಲಿತ "ಬಗ್ಷ", ಅಂದರೆ ಮೇಷ್ಟ್ರು. ಊರಿನ ಕುಸ್ತಿಯಲ್ಲಿ ಎಲ್ಲರನ್ನೂ ಕೆಡವುತ್ತಿದ್ದ ತೆಮೂಲೆನ್ ಎಂಬ ಹುಡುಗ ಮುಖ ಮುಳುಗಿಸಬೇಕೆಂದಾಗ ನನ್ನ ಕುತ್ತಿಗೆಗೆ ಜೋತುಬಿದ್ದು ನನ್ನನ್ನೇ ಮುಳುಗಿಸಿದ. ದಡದಲ್ಲಿದ್ದ ಸರ್ನಾಯ್ ನಗಲಿಲ್ಲ. ಹುಲ್ಲಿನ ಮೇಲೆ ಬೋರಲು ಮಲಗಿ, ನಾನು ತೋರಿಸಿದಂತೆಯೇ ಕೈಕಾಲು ಆಡಿಸುತ್ತಿದ್ದಳು.

ಒಂದು ಸಂಜೆ ಅವಳು ಅಜ್ಜಿಯ ಎದುರು ನಿಂತು ಹೇಳಿದ್ದನ್ನು ನಾನೂ ಕೇಳಿಸಿಕೊಂಡೆ. "ದಡ ಅಷ್ಟು ಹತ್ತಿರ ಇತ್ತಲ್ಲ ಅಜ್ಜಿ. ಅಮ್ಮನಿಗೆ ಯಾರಾದರೂ ಕಲಿಸಿದ್ದರೆ ಬಂದುಬಿಡುತ್ತಿದ್ದಳು."

ಮರುದಿನ ಅಜ್ಜಿ ತಾವೇ ಮೊಮ್ಮಗಳ ಕೈ ಹಿಡಿದು ಕರೆತಂದರು. ನೀರಿಗೆ ಬೆನ್ನು ಹಾಕಿ, ಪಾಠ ಮುಗಿಯುವವರೆಗೂ ಹಾಗೆಯೇ ನಿಂತಿದ್ದರು. ಸರ್ನಾಯ್ ಉಳಿದವರನ್ನು ಬಹುಬೇಗ ಹಿಂದೆ ಹಾಕಿದಳು. ಮುಳುಗುವವರನ್ನು ಹಿಂದಿನಿಂದ ಹಿಡಿದು ಅಂಗಾತ ತೇಲಿಸುವುದನ್ನು ಅವಳು ಮತ್ತೆ ಮತ್ತೆ ಕೇಳಿ ಕಲಿತಳು.

ಋತು ಮುಗಿಯಿತು. ನಾನು ಹೊರಡುವ ಬೆಳಿಗ್ಗೆ ಊರೆಲ್ಲ ದಡಕ್ಕೆ ಬಂದಿತ್ತು. ನನ್ನನ್ನು ದೋಣಿಯಲ್ಲಿ ಆಚೆ ದಡಕ್ಕೆ ಬಿಡಲು ಅಜ್ಜಿಯೇ ಹುಟ್ಟು ಹಿಡಿದರು. ಮಕ್ಕಳು ಮಾತ್ರ ಕೈಬೀಸಲು ಸಾಲಾಗಿ ನಿಲ್ಲಲಿಲ್ಲ. ಬಿಸಿಯಂಗಿ ತೊಟ್ಟುಕೊಂಡೇ ಬಂದಿದ್ದರು.

"ನಿಮ್ಮನ್ನು ಆ ದಡದವರೆಗೆ ನಾವೇ ಕಳಿಸಿಕೊಡುತ್ತೇವೆ ಬಗ್ಷ," ಎಂದಳು ಸರ್ನಾಯ್. ತನ್ನ ಕಿವಿಮಣಿ ತೆಗೆದು ನನ್ನ ಅಂಗೈಯಲ್ಲಿಟ್ಟು ಧುಮುಕಿದಳು. ಉಳಿದವರೂ ಧುಮುಕಿದರು.

ಕೆರೆಯ ಅತ್ಯಂತ ಕಿರಿದಾದ ಭಾಗ ಅದು; ಆದರೂ ಅಷ್ಟು ದೂರ ಅವರು ಎಂದೂ ಈಜಿರಲಿಲ್ಲ. ದೋಣಿಯ ಎರಡೂ ಬದಿಯಲ್ಲಿ ತಲೆಗಳು ಏಳುತ್ತ ಮುಳುಗುತ್ತ ಬರುತ್ತಿದ್ದವು. "ಕಾಲು ಹೊಡಿ! ಕಾಲು ಹೊಡಿ!" ಎಂದು ಅಪ್ಪಟ ಕನ್ನಡದಲ್ಲಿ ಒಬ್ಬರಿಗೊಬ್ಬರು ಕೂಗಿಕೊಳ್ಳುತ್ತಿದ್ದರು. ನಡುನೀರಿನಲ್ಲಿ ಬೆಟ್ಟದ ಗಾಳಿ ಇಳಿಯಿತು. ಅಲೆ ಎದ್ದಿತು. ತೆಮೂಲೆನ್ ನೀರು ಕುಡಿದು ಕೈ ಬಡಿಯತೊಡಗಿದ.

ನಾನು ಹಾರಲು ಎದ್ದುನಿಂತೆ. ಅಜ್ಜಿ ನನ್ನ ಮಣಿಕಟ್ಟು ಹಿಡಿದರು.

"ಕೂತುಕೋ."

"ಅಜ್ಜಿ, ಅವನು ಮುಳುಗುತ್ತಿದ್ದಾನೆ!"

"ನಾಳೆ ನೀನು ಇರುವುದಿಲ್ಲ," ಎಂದರು. ಹಿಡಿತ ಸಡಿಲಿಸಲಿಲ್ಲ. "ಅವಳನ್ನು ನೋಡು."

ಸರ್ನಾಯ್ ಆಗಲೇ ತಿರುಗಿದ್ದಳು. ಅವನ ಕೈಗೆ ಸಿಗದಂತೆ ಹಿಂದಿನಿಂದ ಹೋಗಿ, ಗಲ್ಲ ಹಿಡಿದು, ತನಗಿಂತ ಎರಡರಷ್ಟು ತೂಕದವನನ್ನು ಅಂಗಾತ ತಿರುಗಿಸಿದಳು. "ಉಸಿರು ಬಿಡು," ಎಂದಳು. ಅವನು ಬಿಟ್ಟ. ಇನ್ನಿಬ್ಬರು ಬಂದು ಅವನ ಎರಡೂ ಬದಿ ಸೇರಿದರು. ನಾನು ಮತ್ತೆ ಕೂತೆ, ಏಳಲಿಲ್ಲ. ಅವರು ನಮ್ಮ ದೋಣಿಯನ್ನು ಮುಟ್ಟಲೂ ಇಲ್ಲ. ಸೀದಾ ದಡ ಸೇರಿದರು, ಎಲ್ಲರೂ.

ಆ ನಾಡಿನ ಕುಸ್ತಿಯಲ್ಲಿ ಗೆದ್ದವರು ಹದ್ದಿನಂತೆ ಕೈ ಚಾಚುತ್ತಾರೆ, ಸೋತವರು ಆ ಕೈಯಡಿ ಬಾಗಿ ಹಾದುಹೋಗುತ್ತಾರೆ. ಯಾರಿಗೂ ಬಾಗದ ತೆಮೂಲೆನ್ ಕೆಮ್ಮುತ್ತಲೇ ಎದ್ದು ಬಂದು ಸರ್ನಾಯ್‌ಳ ಕೈ ಎತ್ತಿಹಿಡಿದು, ಅದರಡಿ ಬಾಗಿ ದಾಟಿದ. ಎರಡೂ ದಡದ ಜನ ಕೂಗಿದ ಕೂಗಿಗೆ ಬೆಟ್ಟದ ಕುದುರೆಗಳು ಓಡಿದವು. ನಾನೂ ಗಂಟಲು ಬೀಳುವಷ್ಟು ಕೂಗಿದೆ. ಅಳಬೇಕೆಂದು ನೆನಪಾಗಲೇ ಇಲ್ಲ.

ದೋಣಿಯನ್ನು ದಡಕ್ಕೆ ಕಟ್ಟಿದ ಅಜ್ಜಿ ನೀರಿನ ಅಂಚಿಗೆ ನಡೆದುಹೋಗಿ ಬೂಟು ಬಿಚ್ಚಿದರು. "ಸರ್ನಾಯ್, ನಾಳೆಯಿಂದ ನನಗೂ ಕಲಿಸು," ಎಂದರು.

ಗಾಳಿನೌಕೆ ಮೇಲೆದ್ದಾಗ ಕೆಳಗೆ ನೋಡಿದೆ. ನನ್ನತ್ತ ಕೈಬೀಸಿದವರು ಕೆಲವರೇ. ಹೆಚ್ಚಿನವರು ಆಗಲೇ ವಾಪಸು ಈಜಲು ನೀರಿಗಿಳಿದಿದ್ದರು, ಸರ್ನಾಯ್ ಮುಂದೆ. ಆಮೇಲಿನ ಇಷ್ಟು ವರ್ಷಗಳಲ್ಲಿ ಆ ಎಳೆಗೆರೆ ಒಂದು ಜೀವವನ್ನೂ ತೆಗೆದುಕೊಂಡಿಲ್ಲ. ಅಲ್ಲಿಂದ ಬೇರೆ ಕಣಿವೆಗಳಿಗೆ ಈಜು ಕಲಿಸಲು ಹೋಗುವವರೆಲ್ಲ ಈಗ ಅವಳ ಶಿಷ್ಯರು.

ಹಿಂದಿನ ಕಾಲದ ಋತುಗುರುಗಳೇ, ನಿಮ್ಮಲ್ಲೊಂದು ಬೇಡಿಕೆ. ಹೊರಡುವ ದಿನ ಮಕ್ಕಳು ತಬ್ಬಿಕೊಂಡು ಅತ್ತರೆ ಸಂತೋಷವೇ. ಆದರೆ ನೀವಿಲ್ಲದೆ ಅವರು ಏನು ಮಾಡಬಲ್ಲರು ಎಂಬುದನ್ನು ಕಣ್ಣಾರೆ ನೋಡಿಯೇ ಹೊರಡಿ. ಆಗ ಕೈಕಟ್ಟಿ ಕೂರುವುದು ಬಲು ಕಷ್ಟ. ಆದರೂ ಕೂತುಕೊಳ್ಳಿ.

ನಿಮ್ಮ ಮುಂದಿನವಳು,
ಭಾಗೀರಥಿ